ಲಾನ್ ಚೇನಿ

ಲಾನ್ ಚೇನಿ (ಏಪ್ರಿಲ್ 1, 1883 – ಆಗಸ್ಟ್ 26, 1930) ಅಮೆರಿಕದ ಮೂಕಿ ಚಿತ್ರಗಳ ಕಾಲದ ಪ್ರಸಿದ್ಧ ನಟರು ಹಾಗೂ ಪ್ರಸಾಧನ ಕಲಾವಿದರು. ವಿಕಾರ ರೂಪದ, ಸಮಾಜದಿಂದ ತಿರಸ್ಕೃತರಾದ ಪಾತ್ರಗಳಿಗೆ ಜೀವ ತುಂಬಿದ ಇವರನ್ನು ಸಾವಿರ ಮುಖಗಳ ಮನುಷ್ಯ ಎಂದು ಕರೆಯಲಾಗುತ್ತಿತ್ತು. 1925ರ ದಿ ಫ್ಯಾಂಟಮ್ ಆಫ್ ದಿ ಒಪೆರಾ ಚಿತ್ರದಲ್ಲಿ ಇವರ ಮುಖವಾಡ ಕಳಚಿಬೀಳುವ ದೃಶ್ಯವು ಚಲನಚಿತ್ರ ಇತಿಹಾಸದ ಅತ್ಯಂತ ಭಯಾನಕ ಕ್ಷಣಗಳಲ್ಲಿ ಒಂದೆಂದು ಪರಿಗಣಿತವಾಗಿದೆ.

ಜನನ ಮತ್ತು ಬಾಲ್ಯ

ಚೇನಿ ಕೊಲೊರಾಡೊ ರಾಜ್ಯದ ಕೊಲೊರಾಡೊ ಸ್ಪ್ರಿಂಗ್ಸ್ ನಗರದಲ್ಲಿ ಜನಿಸಿದರು. ತಂದೆ ಫ್ರಾಂಕ್ ಕ್ಷೌರಿಕರು, ತಾಯಿ ಎಮ್ಮಾ. ಇಬ್ಬರಿಗೂ ಕಿವಿ ಕೇಳಿಸುತ್ತಿರಲಿಲ್ಲ. ತಾಯಿಯ ತಂದೆ ಆ ಊರಿನಲ್ಲಿ ಕಿವುಡ ಮಕ್ಕಳಿಗಾಗಿ 1874ರಲ್ಲಿ ಶಾಲೆಯೊಂದನ್ನು ಸ್ಥಾಪಿಸಿದ್ದರು. ಹೀಗಾಗಿ ಮನೆಯೊಳಗಿನ ಮಾತುಕತೆಯೆಲ್ಲವೂ ಕೈಸನ್ನೆ ಮತ್ತು ಮುಖಭಾವದಲ್ಲೇ ನಡೆಯುತ್ತಿತ್ತು. ತಾಯಿ ಸಂಧಿವಾತದಿಂದ ಹಾಸಿಗೆ ಹಿಡಿದಾಗ ಲಾನ್ ಶಾಲೆ ಬಿಟ್ಟು ಅವರ ಆರೈಕೆಗೆ ನಿಂತರು. ಹೊರಗೆ ಕಂಡ ಜನರನ್ನೂ ಘಟನೆಗಳನ್ನೂ ಅಭಿನಯಿಸಿ ತೋರಿಸಿ ತಾಯಿಯನ್ನು ರಂಜಿಸುವುದು ಅವರ ನಿತ್ಯದ ಕೆಲಸವಾಗಿತ್ತು. ಮಾತಿಲ್ಲದ ಚಿತ್ರಗಳ ಯುಗಕ್ಕೆ ಇದಕ್ಕಿಂತ ಉತ್ತಮವಾದ ತರಬೇತಿಯನ್ನು ಊಹಿಸುವುದು ಕಷ್ಟ.

ರಂಗಭೂಮಿಯಿಂದ ಚಿತ್ರರಂಗಕ್ಕೆ

ಊರಿನ ನಾಟಕ ಗೃಹದಲ್ಲಿ ರಂಗಪರಿಕರಗಳನ್ನು ನೋಡಿಕೊಳ್ಳುವ ಹುಡುಗನಾಗಿ ಸೇರಿದ ಚೇನಿ ಮುಂದೆ ಸಂಚಾರಿ ನಾಟಕ ತಂಡಗಳಲ್ಲಿ ಹಾಸ್ಯನಟ ಮತ್ತು ನೃತ್ಯಗಾರರಾದರು. ಇದೇ ಅವಧಿಯಲ್ಲಿ ಗಾಯಕಿ ಕ್ಲೀವಾ ಕ್ರೈಟನ್ ಅವರನ್ನು ವಿವಾಹವಾದರು. 1906ರಲ್ಲಿ ಮಗ ಕ್ರೈಟನ್ ಜನಿಸಿದನು. ದಾಂಪತ್ಯ ಸುಖಕರವಾಗಿರಲಿಲ್ಲ. 1913ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸಿನ ಮೆಜೆಸ್ಟಿಕ್ ರಂಗಮಂದಿರದಲ್ಲಿ ಕ್ಲೀವಾ ವಿಷ ಸೇವಿಸಿದರು. ಪ್ರಾಣ ಉಳಿಯಿತಾದರೂ ಅವರ ಕಂಠ ಶಾಶ್ವತವಾಗಿ ಹಾಳಾಯಿತು. ಈ ಪ್ರಕರಣದ ಅಪಖ್ಯಾತಿಯಿಂದ ಚೇನಿಯವರ ರಂಗಭೂಮಿಯ ಬದುಕೂ ಮುಗಿಯಿತು. ಮರುವರ್ಷ ವಿಚ್ಛೇದನವಾಯಿತು, ಬಾಲಕ ಕ್ರೈಟನ್ ಕೆಲಕಾಲ ಬೇರೆಯವರ ಆಶ್ರಯದಲ್ಲಿ ಬೆಳೆಯಬೇಕಾಯಿತು. ಮುಂದೆ ಚೇನಿ ಹೇಜಲ್ ಹೇಸ್ಟಿಂಗ್ಸ್ ಅವರನ್ನು ಮದುವೆಯಾಗಿ ಮಗನನ್ನು ಮನೆಗೆ ಕರೆತಂದರು.

ಹೊಟ್ಟೆಪಾಡಿಗಾಗಿ ಯೂನಿವರ್ಸಲ್ ಸ್ಟುಡಿಯೋ ಸೇರಿದ ಅವರು ಹಲವು ವರ್ಷ ಸಣ್ಣಪುಟ್ಟ ಪಾತ್ರಗಳಲ್ಲೇ ಕಳೆದರು. ದಿನವೂ ಕೆಲಸ ಸಿಗಬೇಕಾದರೆ ಯಾವ ಪಾತ್ರಕ್ಕೂ ಒಗ್ಗುವಂತಿರಬೇಕಿತ್ತು. ಪ್ರಸಾಧನದ ಪೆಟ್ಟಿಗೆ ಅವರಿಗೆ ಅನ್ನದ ದಾರಿಯಾದದ್ದು ಹೀಗೆ. 1919ರ ದಿ ಮಿರಕಲ್ ಮ್ಯಾನ್ ಚಿತ್ರದಲ್ಲಿ ಅಂಗವಿಕಲನಂತೆ ನಟಿಸುವ ವಂಚಕನ ಪಾತ್ರ ಅವರನ್ನು ಪ್ರಸಿದ್ಧಿಗೆ ತಂದಿತು. ಈ ಚಿತ್ರದ ಕೆಲವು ತುಣುಕುಗಳು ಮಾತ್ರ ಇಂದು ಉಳಿದಿವೆ.

ಪ್ರಸಾಧನ ಮತ್ತು ದೇಹದಂಡನೆ

ಆ ಕಾಲದಲ್ಲಿ ನಟರು ತಮ್ಮ ಬಣ್ಣವನ್ನು ತಾವೇ ಹಚ್ಚಿಕೊಳ್ಳುತ್ತಿದ್ದರು. ಚೇನಿ ಹತ್ತಿ, ಅಂಟುದ್ರಾವಣ, ಮೇಣ ಮುಂತಾದ ಸಾಮಾನ್ಯ ಸಾಮಗ್ರಿಗಳಿಂದಲೇ ಮುಖದ ಆಕಾರವನ್ನು ಬದಲಿಸುತ್ತಿದ್ದರು. ದಿ ಪೆನಾಲ್ಟಿ (1920) ಚಿತ್ರದಲ್ಲಿ ಎರಡೂ ಕಾಲುಗಳಿಲ್ಲದ ಪಾತಕಿಯ ಪಾತ್ರಕ್ಕಾಗಿ ಕಾಲುಗಳನ್ನು ಹಿಂದಕ್ಕೆ ಮಡಚಿ ಕಟ್ಟಿ, ಮಂಡಿಗಳನ್ನು ಚರ್ಮದ ಚೀಲಗಳಲ್ಲಿರಿಸಿ ನಡೆದರು. ನೋವು ತಡೆಯಲಾಗದಷ್ಟಿದ್ದುದರಿಂದ ಒಮ್ಮೆಗೆ ಕೆಲವೇ ನಿಮಿಷ ಚಿತ್ರೀಕರಣ ನಡೆಸಬೇಕಾಗುತ್ತಿತ್ತು. ದಿ ಹಂಚ್‌ಬ್ಯಾಕ್ ಆಫ್ ನೋಟ್ರ್ ಡೇಮ್ (1923) ಚಿತ್ರದ ಗೂನಬೆನ್ನಿನ ಕ್ವಾಸಿಮೊಡೊ ಪಾತ್ರಕ್ಕೆ ಅವರು ಹೊತ್ತ ಗೂನಿನ ತೂಕವನ್ನು ಪ್ರಚಾರಕರು ಬಹಳವಾಗಿ ಹಿಗ್ಗಿಸಿ ಹೇಳಿದ್ದರು. ನಿಜವಾದ ತೂಕ ಅದಕ್ಕಿಂತ ತೀರಾ ಕಡಿಮೆಯಿತ್ತು. ಚೇನಿಯವರ ಯಾತನೆಗಳ ಕುರಿತ ಇಂತಹ ಕಥೆಗಳನ್ನು ಎಚ್ಚರದಿಂದಲೇ ಓದಬೇಕು.

ದಿ ಫ್ಯಾಂಟಮ್ ಆಫ್ ದಿ ಒಪೆರಾ

ಗ್ಯಾಸ್ಟನ್ ಲೆರೂ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಚೇನಿ ಪ್ಯಾರಿಸಿನ ಒಪೆರಾ ಭವನದ ನೆಲಮಾಳಿಗೆಯಲ್ಲಿ ಅಡಗಿರುವ ಎರಿಕ್‌ನ ಪಾತ್ರ ವಹಿಸಿದರು. ಮೂಗಿನ ತುದಿಯನ್ನು ಮೇಲಕ್ಕೆಳೆದು ಬಿಗಿದು, ಹೊಳ್ಳೆಗಳಿಗೂ ಕಣ್ಣಿನ ಸುತ್ತಲೂ ಕಪ್ಪು ಬಳಿದು, ಕೃತಕ ಹಲ್ಲುಗಳನ್ನು ಧರಿಸಿ, ಜೀವಂತ ತಲೆಬುರುಡೆಯೊಂದನ್ನು ಅವರು ರೂಪಿಸಿದರು. ಬಿಡುಗಡೆಗೆ ಮುನ್ನ ಆ ಮುಖದ ಚಿತ್ರ ಎಲ್ಲಿಯೂ ಪ್ರಕಟವಾಗದಂತೆ ಸ್ಟುಡಿಯೋ ನೋಡಿಕೊಂಡಿತ್ತು. ಎರಿಕ್ ವಾದ್ಯ ನುಡಿಸುವುದರಲ್ಲಿ ತಲ್ಲೀನನಾಗಿರುವಾಗ ನಾಯಕಿ ಹಿಂದಿನಿಂದ ಬಂದು ಮುಖವಾಡವನ್ನು ಕಿತ್ತೆಳೆಯುತ್ತಾಳೆ. ಅವನು ಪ್ರೇಕ್ಷಕರತ್ತ ಮುಖ ಮಾಡಿರುವುದರಿಂದ ಆ ಮುಖ ಅವಳಿಗಿಂತ ಮೊದಲು ನಮಗೆ ಕಾಣುತ್ತದೆ. ಇಡೀ ದೃಶ್ಯದ ಭಯ ಈ ಜೋಡಣೆಯಲ್ಲಿದೆ. ಚಿತ್ರಮಂದಿರಗಳಲ್ಲಿ ಜನರು ಕಿರುಚಿಕೊಂಡರೆಂದೂ ಮೂರ್ಛೆ ಹೋದರೆಂದೂ ವರದಿಗಳು ಪ್ರಚಾರದಲ್ಲಿದ್ದವು. ಹಾಗಿದ್ದರೂ ಎರಿಕ್ ಕೇವಲ ರಾಕ್ಷಸನಾಗಿ ಉಳಿಯುವುದಿಲ್ಲ. ಮುಖ ಬಯಲಾದ ಕೂಡಲೇ ಅವನಲ್ಲಿ ಕಾಣುವುದು ಕ್ರೋಧದಷ್ಟೇ ಅವಮಾನ.

ಟಾಡ್ ಬ್ರೌನಿಂಗ್ ಚಿತ್ರಗಳು

ಮೆಟ್ರೊ ಗೋಲ್ಡ್‌ವಿನ್ ಮೇಯರ್ ಸಂಸ್ಥೆಯಲ್ಲಿ ನಿರ್ದೇಶಕ ಟಾಡ್ ಬ್ರೌನಿಂಗ್ ಅವರೊಂದಿಗೆ ಚೇನಿ ಹಲವು ವಿಲಕ್ಷಣ ಚಿತ್ರಗಳಲ್ಲಿ ಅಭಿನಯಿಸಿದರು. ದಿ ಅನ್‌ನೋನ್ (1927) ಚಿತ್ರದಲ್ಲಿ ಅವರದು ತೋಳಿಲ್ಲದವನಂತೆ ನಟಿಸುತ್ತ ಕಾಲಿನಿಂದ ಚೂರಿ ಎಸೆಯುವ ಸರ್ಕಸ್ ಕಲಾವಿದನ ಪಾತ್ರ. ಕಾಲಿನ ಕೆಲವು ಚಲನೆಗಳನ್ನು ನಿಜವಾಗಿಯೂ ತೋಳಿಲ್ಲದ ಪಾಲ್ ಡೆಸ್ಮ್ಯೂಕ್ ಎಂಬುವರು ನಿರ್ವಹಿಸಿದರು. ಈ ಚಿತ್ರದ ಪ್ರತಿಯು ಫ್ರಾನ್ಸಿನ ಸಂಗ್ರಹಾಲಯವೊಂದರಲ್ಲಿ ಹೆಸರು ತಿಳಿಯದ ಚಿತ್ರಗಳ ಡಬ್ಬಿಗಳ ನಡುವೆ ಬಹುಕಾಲ ಮರೆಯಾಗಿತ್ತೆಂದು ಹೇಳಲಾಗುತ್ತದೆ. ಡಬ್ಬಿಯ ಮೇಲಿದ್ದ ಅಜ್ಞಾತ ಎಂಬ ಪದ ಚಿತ್ರದ ಹೆಸರೇ ಎಂದು ಯಾರಿಗೂ ಹೊಳೆದಿರಲಿಲ್ಲವಂತೆ.

ಅದೇ ವರ್ಷದ ಲಂಡನ್ ಆಫ್ಟರ್ ಮಿಡ್‌ನೈಟ್ ಚಿತ್ರಕ್ಕೆ ಇನ್ನೊಂದು ಬಗೆಯ ಕುಖ್ಯಾತಿ ಬಂದಿತು. 1928ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ನಡೆದ ಕೊಲೆಯೊಂದರ ಆರೋಪಿ, ಚೇನಿಯವರ ಭೀಕರ ರೂಪ ಕಣ್ಣಮುಂದೆ ಬಂದು ತನ್ನ ಬುದ್ಧಿ ಕದಡಿತೆಂದು ವಾದಿಸಿದನು. ಕೊನೆಗೆ ಆತ ಅಪರಾಧಿಯೆಂದು ತೀರ್ಮಾನವಾಯಿತು. ಚಿತ್ರದ ಕೊನೆಯ ಪ್ರತಿಯು 1960ರ ದಶಕದಲ್ಲಿ ಸ್ಟುಡಿಯೋ ಉಗ್ರಾಣದ ಬೆಂಕಿಯಲ್ಲಿ ನಾಶವಾಯಿತೆಂದು ನಂಬಲಾಗಿದೆ. ಇಂದು ಸ್ಥಿರಚಿತ್ರಗಳಷ್ಟೇ ಉಳಿದಿವೆ.

ಕೊನೆಯ ದಿನಗಳು

ಖಾಸಗಿ ಜೀವನದಲ್ಲಿ ಚೇನಿ ಪ್ರಚಾರದಿಂದ ದೂರವಿದ್ದರು. ಸಂದರ್ಶನಗಳನ್ನು ವಿರಳವಾಗಿ ನೀಡುತ್ತಿದ್ದರು. ಬಿಡುವಿನಲ್ಲಿ ಸಿಯೆರಾ ನೆವಾಡಾ ಬೆಟ್ಟಗಳ ಕುಟೀರಕ್ಕೆ ತೆರಳುತ್ತಿದ್ದರು. ಮಾತನಾಡುವ ಚಿತ್ರಗಳು ಬಂದಾಗ ಬಹುಕಾಲ ಹಿಂಜರಿದು, 1930ರಲ್ಲಿ ದಿ ಅನ್‌ಹೋಲಿ ಥ್ರೀ ಚಿತ್ರದ ಮರುನಿರ್ಮಾಣದಲ್ಲಿ ಮೊದಲ ಬಾರಿಗೆ ಮಾತನಾಡಿದರು. ಅದರಲ್ಲಿನ ಐದು ಬಗೆಯ ಧ್ವನಿಗಳೂ ತಮ್ಮವೇ ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದರು. ಅಷ್ಟರಲ್ಲಾಗಲೇ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಇತ್ತು. ಕೊನೆಯ ದಿನಗಳಲ್ಲಿ ಗಂಟಲಿನ ರಕ್ತಸ್ರಾವದಿಂದ ಮಾತು ನಿಂತುಹೋಗಿ, ಬಾಲ್ಯದಲ್ಲಿ ಕಲಿತ ಕೈಸನ್ನೆಯನ್ನೇ ಅವರು ಬಳಸಬೇಕಾಯಿತೆಂದು ಜೀವನಚರಿತ್ರೆಗಳು ತಿಳಿಸುತ್ತವೆ. ಚಿತ್ರ ತೆರೆಕಂಡು ಎರಡು ತಿಂಗಳಾಗುವುದರೊಳಗೆ, 47ನೆಯ ವಯಸ್ಸಿನಲ್ಲಿ ಲಾಸ್ ಏಂಜಲೀಸಿನಲ್ಲಿ ನಿಧನರಾದರು. ಗ್ಲೆಂಡೇಲ್‌ನಲ್ಲಿರುವ ಅವರ ಸಮಾಧಿಗೆ ಹೆಸರಿನ ಫಲಕವಿಲ್ಲ.

ಬ್ರೌನಿಂಗ್ ಅವರ ಡ್ರಾಕುಲಾ (1931) ಚಿತ್ರಕ್ಕೆ ಚೇನಿಯವರ ಹೆಸರು ಕೇಳಿಬಂದಿತ್ತು. ಆ ಪಾತ್ರ ಬೆಲಾ ಲುಗೋಸಿಯವರ ಪಾಲಾಯಿತು. ಮಗ ಕ್ರೈಟನ್ ನಟನಾಗುವುದು ತಂದೆಗೆ ಇಷ್ಟವಿರಲಿಲ್ಲ. ಆದರೂ ಅವರು ಮುಂದೆ ಲಾನ್ ಚೇನಿ ಜೂನಿಯರ್ ಎಂಬ ಹೆಸರಿನಲ್ಲಿ ದಿ ವುಲ್ಫ್ ಮ್ಯಾನ್ (1941) ಚಿತ್ರದಿಂದ ಖ್ಯಾತರಾದರು. ಚೇನಿಯವರ ಜೀವನವನ್ನು ಆಧರಿಸಿದ ಮ್ಯಾನ್ ಆಫ್ ಎ ಥೌಸಂಡ್ ಫೇಸಸ್ (1957) ಚಿತ್ರದಲ್ಲಿ ಜೇಮ್ಸ್ ಕ್ಯಾಗ್ನಿ ನಟಿಸಿದ್ದಾರೆ. ಚೇನಿಯವರ ಪ್ರಸಾಧನ ಪೆಟ್ಟಿಗೆಯು ಲಾಸ್ ಏಂಜಲೀಸ್ ಕೌಂಟಿಯ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ.