ಮೂಸಿಯ ಮಹಾಪೂರ ಮತ್ತು ವಿಶ್ವೇಶ್ವರಯ್ಯ

ಸರ್ ಎಂ. ವಿಶ್ವೇಶ್ವರಯ್ಯ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕನ್ನಂಬಾಡಿ. ಆದರೆ ಅದಕ್ಕೂ ಮುನ್ನ ಅವರು ಪ್ರವಾಹದಿಂದ ತತ್ತರಿಸಿದ್ದ ಮಹಾನಗರವೊಂದರ ರಕ್ಷಣೆಗೆ ದುಡಿದಿದ್ದರು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ದಡ ಮೀರಿ ಹೈದರಾಬಾದಿಗೆ ನುಗ್ಗಿತು. ಸುಮಾರು 15,000 ಮಂದಿ ಜೀವ ತೆತ್ತರೆಂದು ಅಂದಾಜು. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆ ಮರವನ್ನೇರಿದ ಸುಮಾರು 150 ಜನ ಮಾತ್ರ ಬದುಕಿಕೊಂಡರು ಎಂಬುದು ಆ ನಗರದ ಜನ ಇಂದಿಗೂ ಮರೆಯದ ಸಂಗತಿ.

1861ರ ಸೆಪ್ಟೆಂಬರ್ 15ರಂದು ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದ್ದರು. ಖಡಕವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು ಹೆಸರು ತಂದಿದ್ದವು. ಆ ಸೇವೆ ತೊರೆದು ಯೂರೋಪ್ ಪ್ರವಾಸದಲ್ಲಿದ್ದಾಗ ನಿಜಾಮರ ಸರ್ಕಾರದ ಕರೆ ಬಂದಿತು. 1909ರ ಏಪ್ರಿಲ್‌ನಲ್ಲಿ ಹೈದರಾಬಾದಿನಲ್ಲಿ ಕೆಲಸ ಆರಂಭಿಸಿದರು.

ಅವರು ಮೊದಲು ಕೈಗೆತ್ತಿಕೊಂಡದ್ದು ಗೋಡೆ ಕಟ್ಟುವುದನ್ನಲ್ಲ, ಲೆಕ್ಕವನ್ನು. ಶಂಶಾಬಾದಿನಲ್ಲಿ 24 ಗಂಟೆಗಳಲ್ಲಿ ಸುಮಾರು 12.8 ಅಂಗುಲ ಮಳೆ ದಾಖಲಾಗಿತ್ತು. ನಗರದ ಮೇಲ್ಭಾಗದ 860 ಚದರ ಮೈಲಿ ಜಲಾನಯನದಲ್ಲಿ 788 ಕೆರೆಗಳಿದ್ದು, ಅವುಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆ ಒಡೆದರೆ ಕೆಳಗಿನದು ತಡೆದೀತೆ? ಮಳೆಯ ನೀರಿಗೆ ಕೆರೆಗಳ ನೀರೂ ಕೂಡಿ, ಪೂರ ಸೆಕೆಂಡಿಗೆ ಸುಮಾರು 4,25,000 ಘನ ಅಡಿ ಮುಟ್ಟಿತ್ತು. ಇಷ್ಟು ನೀರನ್ನು ನಗರದೊಳಗೆ ದಡ ಎತ್ತರಿಸಿಯೇ ತಡೆಯುವುದು ಅಸಾಧ್ಯವೆಂದು ಅವರು ಕಂಡುಕೊಂಡರು. ಮೂಸಿ ಮತ್ತು ಅದರ ಉಪನದಿ ಈಸಿಗೆ ನಗರದ ಮೇಲ್ಭಾಗದಲ್ಲೇ ಜಲಾಶಯ ಕಟ್ಟಿ, ಹೆಚ್ಚುವರಿ ನೀರನ್ನು ಅಲ್ಲಿ ಹಿಡಿದಿಟ್ಟು, ನದಿಪಾತ್ರ ತಾಳುವಷ್ಟನ್ನೇ ಬಿಡುವಂತೆ ಸಲಹೆ ಮಾಡಿದರು. ವರದಿ ಅದೇ ಅಕ್ಟೋಬರ್‌ನಲ್ಲಿ ಸಿದ್ಧವಾಯಿತು.

ನವೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ಅವರು ತಾಯ್ನಾಡಿಗೆ ಮರಳಿದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಆ ಕಥೆ ಎಲ್ಲರಿಗೂ ತಿಳಿದದ್ದೇ. ಅತ್ತ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು. ಪ್ರವಾಹ ತಡೆಗೆಂದು ಕಟ್ಟಿದ ಇವೇ ನಗರದ ದಾಹವನ್ನೂ ತಣಿಸಿದವು. ಇದರಲ್ಲೊಂದು ತೊಡಕೂ ಇದೆ: ಕುಡಿಯುವ ನೀರಿಗೆ ಜಲಾಶಯ ತುಂಬಿರಬೇಕು, ಪೂರ ಹಿಡಿಯಲು ಜಾಗ ಖಾಲಿ ಇರಬೇಕು. ಆದ್ದರಿಂದಲೇ ಮಳೆ, ಒಳಹರಿವು, ನೀರಿನ ಮಟ್ಟಗಳ ಮೇಲೆ ಸದಾ ಕಣ್ಣಿಡಬೇಕಾಗುತ್ತದೆ.

1955ರಲ್ಲಿ ಭಾರತರತ್ನ ಗೌರವಕ್ಕೆ ಪಾತ್ರರಾದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್‌ನಲ್ಲಿ ನಿಧನರಾದರು. 2020ರ ಅಕ್ಟೋಬರ್‌ನ ಭಾರೀ ಮಳೆಗೆ ಹಿಮಾಯತ್ ಸಾಗರ ತುಂಬಿದಾಗ ಅದರ ಬಾಗಿಲುಗಳನ್ನು ತೆರೆದು ಮೂಸಿಗೆ ನೀರು ಬಿಡಲಾಯಿತು.