ಮೆಕ್ಕೆಜೋಳದಿಂದ ಅಸಿಟೋನ್ ತೆಗೆದ ವೈಜ್‌ಮನ್

ಫ್ಯಾನ್ಸಿ ಸ್ಟೋರ್‌ನಲ್ಲಿ ನೇಲ್ ಪಾಲಿಶ್ ಅಳಿಸೋ ಬಾಟಲಿ ಸಿಗುತ್ತಲ್ಲ, ಅದರಲ್ಲಿ ಸಾಮಾನ್ಯವಾಗಿ ಇರೋದು ಅಸಿಟೋನ್. ಇದನ್ನ ಬ್ಯಾಕ್ಟೀರಿಯಾದಿಂದ ದೊಡ್ಡ ಪ್ರಮಾಣದಲ್ಲಿ ಮಾಡಿಸಿದವರು ಚೈಮ್ ವೈಜ್‌ಮನ್.

1874ರಲ್ಲಿ ಈಗಿನ ಬೆಲಾರುಸ್‌ನ ಮೋಟೊಲ್ ಅನ್ನೋ ಸಣ್ಣ ಊರಲ್ಲಿ, ಯಹೂದಿ ಮರದ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದರು. ರಸಾಯನಶಾಸ್ತ್ರ ಓದಿ 1904ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸೇರಿದರು. ಕೃತಕ ರಬ್ಬರ್‌ಗಾಗಿ ಬ್ಯುಟನಾಲ್ ಹುಡುಕುತ್ತಿದ್ದಾಗ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಇಡ್ಲಿ ಹಿಟ್ಟು ಹುಳಿ ಬರೋ ಥರಾನೇ ಅದು ಮೆಕ್ಕೆಜೋಳದ ಹಿಟ್ಟನ್ನ ಹುಳಿಸಿ, ಬ್ಯುಟನಾಲ್ ಜೊತೆ ಅಸಿಟೋನನ್ನೂ ಕೊಟ್ಟಿತು.

ಮೊದಲ ಮಹಾಯುದ್ಧದಲ್ಲಿ ಕಾರ್ಡೈಟ್ ಅನ್ನೋ ಮದ್ದು ತಯಾರಿಸಲು ಬ್ರಿಟನ್‌ಗೆ ಅಸಿಟೋನ್ ಸಾಲಲಿಲ್ಲ. ಆಗ ಮದ್ಯದ ಡಿಸ್ಟಿಲರಿಗಳಲ್ಲಿ ವೈಜ್‌ಮನ್ ವಿಧಾನ ಶುರುವಾಯ್ತು. 1917ರಲ್ಲಿ ಜೋಳ ತರೋ ಹಡಗುಗಳಿಗೆ ತೊಂದರೆಯಾದಾಗ ಶಾಲೆ ಮಕ್ಕಳು ಹಾರ್ಸ್ ಚೆಸ್ಟ್‌ನಟ್ ಕಾಯಿ ಆರಿಸಿ ಕೊಟ್ಟರು. ಆಗ ಯಾರಿಗೂ ಬೇಡವಾಗಿದ್ದ ಬ್ಯುಟನಾಲ್‌ಗೆ ಯುದ್ಧದ ನಂತರ ಕಾರಿನ ಬಣ್ಣದಿಂದಾಗಿ ಬೆಲೆ ಬಂತು.

ಮುಂದಿನ ಯುದ್ಧ ಅವರ ಮನೆಯನ್ನೇ ಮುಟ್ಟಿತು. 1942ರಲ್ಲಿ ಬ್ರಿಟನ್ ವಾಯುಪಡೆಯಲ್ಲಿದ್ದ ಮಗ ಮೈಕೆಲ್ ಹಾರಾಟಕ್ಕೆ ಹೋದವರು ವಾಪಸ್ ಬರಲೇ ಇಲ್ಲ. 1949ರಲ್ಲಿ ವೈಜ್‌ಮನ್ ಇಸ್ರೇಲ್‌ನ ಮೊದಲ ಅಧ್ಯಕ್ಷರಾದರು, 1952ರಲ್ಲಿ ತೀರಿಕೊಂಡರು.

ಪೆಟ್ರೋಲಿಯಂನಿಂದ ಅಸಿಟೋನ್ ಅಗ್ಗವಾಗಿ ಸಿಗತೊಡಗಿ ಅವರ ವಿಧಾನ ಮೂಲೆ ಸೇರಿತು. ಈಗ ಬ್ಯಾಕ್ಟೀರಿಯಾದಿಂದ ಪ್ಲಾಸ್ಟಿಕ್, ಇಂಧನ ಮಾಡಲು ಹೊರಟವರು ಮತ್ತೆ ಅದೇ ದಾರಿ ಹಿಡಿದಿದ್ದಾರೆ.