ಬೆಳ್ಳಾವೆ ವೆಂಕಟನಾರಣಪ್ಪ

ಆಮ್ಲ, ಪ್ರತ್ಯಾಮ್ಲಗಳ ಗುಣಗಳನ್ನು ಕನ್ನಡದಲ್ಲಿಯೇ ಓದಿ ಪರೀಕ್ಷೆ ಬರೆಯುವುದು ಇಂದಿನ ವಿದ್ಯಾರ್ಥಿಗಳಿಗೆ ಸಹಜವೆನಿಸುತ್ತದೆ. ನೂರು ವರ್ಷಗಳ ಹಿಂದೆ ಹಾಗಿರಲಿಲ್ಲ. ವಿಜ್ಞಾನದ ಬಾಗಿಲು ಬಹುಮಟ್ಟಿಗೆ ಇಂಗ್ಲಿಷ್ ಬಲ್ಲವರಿಗೆ ಮಾತ್ರ ತೆರೆದಿತ್ತು. ಈ ಕೊರತೆಯನ್ನು ನೀಗಲು ಶ್ರಮಿಸಿದವರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಪ್ರಮುಖರು.

1872ರಲ್ಲಿ ಜನಿಸಿದ ಅವರು ತುಮಕೂರು ಜಿಲ್ಲೆಯ ಬೆಳ್ಳಾವೆಯವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಶಾಸ್ತ್ರವಿಷಯಗಳಿಗೆ ತಕ್ಕ ಕನ್ನಡ ಪದಗಳು ಆಗ ರೂಢಿಯಲ್ಲಿರಲಿಲ್ಲ. ಅವುಗಳನ್ನು ಅರಸಿ, ಕೆಲವನ್ನು ಹೊಸದಾಗಿ ರಚಿಸಿ ಬಳಸಬೇಕಾಗಿತ್ತು.

ಪತ್ರಿಕೆ ಬಹುಕಾಲ ಬಾಳಲಿಲ್ಲ. ಆದರೂ ಅವರು ಎದೆಗುಂದಲಿಲ್ಲ. 1939ರಲ್ಲಿ 'ಜೀವವಿಜ್ಞಾನ' ಗ್ರಂಥವನ್ನು ಹೊರತಂದರು. 1943ರಲ್ಲಿ ನಿಧನರಾದರು. ಕಲಿಯುವವರ ನುಡಿಯಲ್ಲಿಯೇ ವಿಜ್ಞಾನವನ್ನು ಕಲಿಸಬಹುದೆಂಬುದನ್ನು ಅವರ ಬಾಳು ತೋರಿಸಿಕೊಟ್ಟಿತು.